ಅರವತ್ತೈದರವರು ಐವತ್ತೈದರವರ ಜೊತೆ ಏಕೆ ಓಡಬೇಕು?

ಪ್ರಶ್ನೆ: ನನಗೆ ಈಚೆಗೆ 65 ತುಂಬಿತು. ಬ್ಯಾಂಕಿನಿಂದ ನಿವೃತ್ತನಾಗಿ ಮೈಸೂರಿನಲ್ಲಿದ್ದೇನೆ. ಬಹಳ ವರ್ಷಗಳಿಂದ ಕುಕ್ಕರಹಳ್ಳಿ ಕೆರೆಯ ಸುತ್ತ ಓಡುತ್ತಿದ್ದೇನೆ. ಹತ್ತು ವರ್ಷದ ಹಿಂದೆ ಒಂದು ಗಂಟೆಯೊಳಗೆ ಮುಗಿಯುತ್ತಿದ್ದ 10 ಕಿ.ಮೀ.ಗೆ ಈಗ 70 ನಿಮಿಷ ಬೇಕು. ಜೊತೆಗಾರರೆಲ್ಲ ಮಂಡಿನೋವೆಂದು ವಾಕಿಂಗಿಗೆ ಇಳಿದಿದ್ದಾರೆ. ಬೆಳಿಗ್ಗೆ ಎಚ್ಚರವಾದರೂ ಶೂ ಹಾಕಿಕೊಳ್ಳಲು ಮನಸ್ಸಾಗುವುದಿಲ್ಲ. ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತೇನೆ. ಓಟ ಬಿಟ್ಟುಬಿಡಲೇ?

ಉತ್ತರ: ಬಿಡುವ ಮಾತು ಆಮೇಲೆ. ಮೊದಲು ಆ ಮಾತ್ರೆಯ ಹೆಸರು ನೋಡಿ. ಅಟೆನೊಲೋಲ್, ಮೆಟೊಪ್ರೊಲೋಲ್ ಮುಂತಾದ ಬೀಟಾ ಬ್ಲಾಕರ್‌ಗಳು ಎದೆಬಡಿತವನ್ನು ಒಂದು ಮಟ್ಟದ ಮೇಲೆ ಏರಗೊಡುವುದಿಲ್ಲ. ಆಗ ಎಷ್ಟು ಒದ್ದಾಡಿದರೂ ವೇಗ ಬಾರದು, ಓಟವೆಂದರೆ ಬೇಸರ ಹುಟ್ಟುತ್ತದೆ. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ‘ನಾನು ಓಡುವವನು, ಬದಲಿ ಔಷಧ ಆದೀತೇ?’ ಎಂದು ವೈದ್ಯರನ್ನು ಕೇಳಿ. ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಯೂ ಆಗಲಿ. ಸೋಮಾರಿತನವೆಂದು ತಮ್ಮನ್ನೇ ಬೈದುಕೊಳ್ಳುವ ಎಷ್ಟೋ ಹಿರಿಯರಿಗೆ ನಿಜಕ್ಕೂ ಇರುವುದು ರಕ್ತಹೀನತೆ.

ಇವೆಲ್ಲ ಸರಿಯಿದ್ದರೆ, ನಿಮ್ಮ ಬೇಸರದ ಮೂಲ ಆ ‘ಹತ್ತು ವರ್ಷದ ಹಿಂದೆ’ಯಲ್ಲಿದೆ. ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35ರಿಂದ ಆಚೆಗೆ ಐದೈದು ವರ್ಷಕ್ಕೊಂದು ವಯೋವರ್ಗವಿದೆ. 55ರವರು ನಿಮ್ಮ ವರ್ಗದಲ್ಲೇ ಇಲ್ಲ! 65ರಿಂದ 69ರ ವರ್ಗಕ್ಕೆ ನೀವು ಈಗಷ್ಟೇ ಕಾಲಿಟ್ಟಿದ್ದೀರಿ, ಅಲ್ಲಿ ನೀವೇ ಕಿರಿಯರು. ಹಳೆಯ ದಾಖಲೆಯ ಪುಸ್ತಕವನ್ನು ಅಟ್ಟಕ್ಕೆ ಹಾಕಿ ಹೊಸದನ್ನು ತೆರೆಯಿರಿ. ಅದರಲ್ಲಿ ನಿಮ್ಮ ಮೊದಲ ಶ್ರೇಷ್ಠ ಸಮಯ 70 ನಿಮಿಷ. ಅದನ್ನು 69 ಮಾಡುವುದು ಗುರಿ.

ಓಟವನ್ನು ಪ್ರೀತಿಸಲೇಬೇಕು ಎಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ. ಕೆನಡಾದ ಎಡ್ ವಿಟ್ಲಾಕ್ 2003ರಲ್ಲಿ, 72ರ ವಯಸ್ಸಿನಲ್ಲಿ, ಮ್ಯಾರಥಾನನ್ನು ಮೂರು ಗಂಟೆಯೊಳಗೆ ಓಡಿದರು. ಎಪ್ಪತ್ತು ದಾಟಿದವರಲ್ಲಿ ಅವರೇ ಮೊದಲಿಗರು. ಮರುವರ್ಷ ಅದನ್ನು 2 ಗಂಟೆ 54 ನಿಮಿಷಕ್ಕೆ ಇಳಿಸಿದರು. ಅವರ ಅಭ್ಯಾಸ ಮನೆಯ ಹತ್ತಿರದ ಸ್ಮಶಾನದಲ್ಲಿ, ಗಂಟೆಗಟ್ಟಲೆ ಸುತ್ತುಹಾಕುವುದು. ಅಭ್ಯಾಸ ತನಗೇನೂ ಖುಷಿ ಕೊಡುವುದಿಲ್ಲ, ತನಗೆ ಬೇಕಾದದ್ದು ಸ್ಪರ್ಧೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. 85ರಲ್ಲೂ ನಾಲ್ಕು ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದರು. ನೀವೂ ಒಂದು ಸ್ಪರ್ಧೆಗೆ ದುಡ್ಡು ಕಟ್ಟಿಬಿಡಿ, ಬೆಂಗಳೂರಿನ ವಿಶ್ವ 10ಕೆ ಓಟವೇ ಆಗಬಹುದು. ನಿವೃತ್ತ ಬ್ಯಾಂಕ್ ನೌಕರರು ಕಟ್ಟಿದ ಹಣವನ್ನು ಸುಮ್ಮನೆ ಹೋಗಗೊಡುವುದಿಲ್ಲ ಎಂಬ ನಂಬಿಕೆ ನನಗಿದೆ.

ಇನ್ನು ವೇಗದ ವಿಷಯ. ವಯಸ್ಸಾದಂತೆ ಹೆಜ್ಜೆಗಳ ಸಂಖ್ಯೆ ಅಷ್ಟಾಗಿ ಇಳಿಯುವುದಿಲ್ಲ, ಹೆಜ್ಜೆಯ ಉದ್ದ ಕುಗ್ಗುತ್ತದೆ. ಮೀನಖಂಡ ಮತ್ತು ಪಾದದ ಕೀಲು ನೆಲವನ್ನು ಒದೆಯುವ ಬಲ ಕಳೆದುಕೊಳ್ಳುವುದು ಇದಕ್ಕೆ ಮುಖ್ಯ ಕಾರಣ. ಹಾಗಾಗಿ ಇನ್ನಷ್ಟು ಕಿಲೋಮೀಟರ್ ಸೇರಿಸಿ ಪ್ರಯೋಜನವಿಲ್ಲ. ವಾರಕ್ಕೆ ಎರಡು ದಿನ ಮೆಟ್ಟಿಲಿನ ಅಂಚಿನಲ್ಲಿ, ಕಂಬಿ ಹಿಡಿದು, ತುದಿಗಾಲಿನಲ್ಲಿ ನಿಧಾನವಾಗಿ ಏರಿ ಇಳಿಯಿರಿ. ಕುರ್ಚಿಯಿಂದ ಕೈ ಊರದೆ ಏಳುವ ಅಭ್ಯಾಸವನ್ನೂ ಜೊತೆಗೆ ಮಾಡಿ. ಓಟ ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವಿರಲಿ. ಭಾನುವಾರ ಹಳೆಯ ಜೊತೆಗಾರರೊಂದಿಗೆ ನಡೆದೇ ಹೋಗಿ. ಕಾಫಿಗೆ ಮುಂಚೆ ಅವರಲ್ಲಿ ಒಬ್ಬಿಬ್ಬರಾದರೂ ನೂರು ಮೀಟರ್ ಓಡಿಯಾರು.

ಓಡುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಅಂಥದ್ದೇನೂ ಇಲ್ಲದಿದ್ದರೂ, ಸ್ಪರ್ಧೆಗೆ ಹಣ ಕಟ್ಟುವ ಮೊದಲು ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ.