ಗೇಜ್ ಸೊನ್ನೆ ತೋರಿಸಿದರೆ ಗಾಳಿ ಉಸಿರಾಡಿ ಮುಗಿಸಿದರು ಅಂತಲೇ?

ಬೆಂಕಿ ಆರಿಸಲು ಒಳಗೆ ಹೋದವರು ತೀರಿಕೊಂಡಾಗ ಅವರ ಬಿ.ಎ. ಸೆಟ್ಟನ್ನು (ಬೆನ್ನಿಗೆ ಗಾಳಿ ಸಿಲಿಂಡರ್, ಮುಖಕ್ಕೆ ಮಾಸ್ಕ್ ಇರುವ ಉಸಿರಾಟದ ಸಾಧನ) ಅಷ್ಟೊಂದು ಪರೀಕ್ಷೆ ಮಾಡೋದು ಯಾಕೆ, ಸಿಲಿಂಡರಿನ ಒತ್ತಡ ತೋರಿಸುವ ಗೇಜ್ ನೋಡಿದರೆ ಸಾಕಲ್ವಾ ಅಂತ ಕೇಳಿದ್ದೀರಿ.

ಸಾಲದು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಾನು ಈ ಸೆಟ್‌ಗಳ ಸರ್ವಿಸ್ ಮಾಡುತ್ತೇನೆ. ಸಾವಿನ ತನಿಖೆ ಮಾಡಿದವನಲ್ಲ. ಆದರೆ ಸೆಟ್ಟನ್ನು ಬಿಚ್ಚಿ ಜೋಡಿಸಿ ಗೊತ್ತು.

ಈಗಿನ ಸೆಟ್‌ಗಳಲ್ಲಿ ಮಾಸ್ಕ್ ಒಳಗಿನ ಒತ್ತಡ ಹೊರಗಿಗಿಂತ ಸ್ವಲ್ಪ ಜಾಸ್ತಿ ಇರುತ್ತದೆ, ಹೊಗೆ ನುಗ್ಗಬಾರದು ಅಂತ. ಆದ್ದರಿಂದ ಮನುಷ್ಯ ಬಿದ್ದು ಮಾಸ್ಕ್ ಜಾರಿದರೆ ಗಾಳಿ ತಾನಾಗಿ ಭುಸ್ಸಂತ ಹೊರಗೆ ಹೋಗುತ್ತದೆ. 6.8 ಲೀಟರಿನ ಸಿಲಿಂಡರನ್ನು 300 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಒತ್ತಡಕ್ಕೆ ತುಂಬಿದರೆ ಸುಮಾರು 2000 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಅಂದರೆ 50 ನಿಮಿಷ, ಕಾಗದದ ಮೇಲೆ! ಹೋಸ್ ಎಳೆದುಕೊಂಡು ಮೆಟ್ಟಿಲು ಹತ್ತುವವರಿಗೆ ಅದರ ಅರ್ಧ ಸಿಕ್ಕರೆ ಪುಣ್ಯ. ಹಾಗಾಗಿ ಸೊನ್ನೆ ಕಂಡರೆ ಅವರು ಉಸಿರಾಡಿ ಮುಗಿಸಿದರೋ, ಬಿದ್ದ ಮೇಲೆ ಸೋರಿತೋ, ಗಡ್ಡದ ಸಂದಿಯಲ್ಲಿ ಮೊದಲಿಂದಲೂ ಸೋರುತ್ತಿತ್ತೋ ಗೊತ್ತಾಗಲ್ಲ. ಗಾಳಿ ಉಳಿದಿದ್ದರೂ ಪ್ರಶ್ನೆ ಮುಗಿಯಲ್ಲ. ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರ್ ಪಕ್ಕ ಡೀಸೆಲ್ ಗಾಡಿ ನಿಂತಿದ್ದರೆ ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಸಿಲಿಂಡರಿಗೇ ಸೇರಿರಬಹುದು. ಉಳಿದ ಗಾಳಿಯ ಸ್ಯಾಂಪಲ್ ತೆಗೆಯೋದು ಅದಕ್ಕೇ.

ಅಮೆರಿಕದಲ್ಲಿ 1998ರಲ್ಲಿ ನಯೋಶ್ ಎಂಬ ಸರ್ಕಾರಿ ಸಂಸ್ಥೆ ಅಗ್ನಿಶಾಮಕರ ಸಾವುಗಳನ್ನು ತನಿಖೆ ಮಾಡಲು ಶುರುಮಾಡಿತು. ತೀರಿಕೊಂಡವರ ಸೆಟ್‌ಗಳು ಅದರ ಲ್ಯಾಬಿಗೂ ಹೋಗಿವೆ. ಮೊದಲು ಹೇಗಿದೆಯೋ ಹಾಗೇ ಫೋಟೋ. ಸುಟ್ಟು ಹೋಗಿಲ್ಲದಿದ್ದರೆ ಆಮೇಲೆ ಯಂತ್ರಕ್ಕೆ ಹಾಕಿ ಉಸಿರಾಡಿಸುತ್ತಾರೆ. ಮಾಸ್ಕಿನ ಒತ್ತಡ ನಿಲ್ಲುತ್ತದಾ, ಗಾಳಿ ಸಾಕಷ್ಟು ಬರುತ್ತದಾ, ಗಾಳಿ ಕಡಿಮೆಯಾದಾಗ ಎಚ್ಚರಿಕೆ ಕೊಡುತ್ತದಾ ಅಂತ. ನಮ್ಮ ಕಡೆಯ ಸೆಟ್‌ಗಳಲ್ಲಿ ಆ ವಿಸಿಲ್ ಸಾಮಾನ್ಯವಾಗಿ 55 ಬಾರ್ ಆಸುಪಾಸಿನಲ್ಲಿ ಹೊಡೆಯುತ್ತದೆ.

ಇಷ್ಟೆಲ್ಲ ಆಗಬೇಕಾದರೆ ಸೆಟ್ ಮುಟ್ಟದೆ ಇಟ್ಟಿರಬೇಕು. ಸಿಲಿಂಡರಿನ ವಾಲ್ವ್ ಮುಚ್ಚಲೇಬೇಕಾದರೆ ಎಷ್ಟು ಸುತ್ತು ತಿರುಗಿಸಿದಾಗ ಮುಚ್ಚಿತು ಅಂತ ಎಣಿಸಿ, ಗೇಜ್ ಓದಿ ಬರೆದಿಡಿ.

ನಂಜನಗೂಡು ಕಡೆಯ ಒಂದು ಕಾರ್ಖಾನೆಯಲ್ಲಿ ಬೆಂಕಿ ಆರಿಸುವ ಡ್ರಿಲ್ ನಡೆಯುವಾಗ ಒಬ್ಬ ಹುಡುಗ ತಲೆಸುತ್ತಿ ಬಿದ್ದ. ಸದ್ಯ, ಬದುಕಿದ. ವಾಲ್ವ್ ಪೂರ್ತಿ ತೆರೆದಿರಲಿಲ್ಲ ಅಂತ ನನ್ನ ಅನುಮಾನ. ಆದರೆ ನಾನು ಹೋಗುವಷ್ಟರಲ್ಲಿ ಯಾರೋ ಮಾಸ್ಕ್ ತೊಳೆದು, ಸಿಲಿಂಡರ್ ತುಂಬಿಸಿ, ನೀಟಾಗಿ ಗೂಟಕ್ಕೆ ನೇತುಹಾಕಿದ್ದರು. ಬೈಯೋಣ ಅಂದರೆ ಬಾಯಿ ಬರಲಿಲ್ಲ. ಬಳಸಿದ ತಕ್ಷಣ ತೊಳೆದು ತುಂಬಿಸಿಡಿ ಅಂತ ಅವರಿಗೆ ಹೇಳಿಕೊಟ್ಟವನು ನಾನೇ.