ಜುಲೈ ನಕ್ಷೆಯಲ್ಲಿ ಕಬ್ಬು ಒಣಗಿದಂತೆ ಕಾಣುವುದು ಯಾಕೆ?

ನಿಮ್ಮ ಕಾರ್ಖಾನೆಯ ಕಬ್ಬು ಸೆಂಟಿನೆಲ್-2 ಉಪಗ್ರಹದ ನಕ್ಷೆಯಲ್ಲಿ ಜುಲೈಗೆ ಒಮ್ಮೆಲೇ ಒಣಗಿದಂತೆ ಕಂಡಿದ್ದಕ್ಕೆ ಬಹುಶಃ ಮೋಡವೇ ಕಾರಣ. ತೆಳು ಮೋಡ, ಅದರ ನೆರಳು ಎರಡೂ ಬೆಳೆಯ ಹಸಿರನ್ನು ಅಳೆಯುವ ಎನ್‌ಡಿವಿಐ ಅಂಕೆಯನ್ನು ಇಳಿಸುತ್ತವೆ. ಮೊದಲು ಉಪಗ್ರಹ ಚಿತ್ರಗಳ ಜಾಲತಾಣವಾದ ಕೋಪರ್ನಿಕಸ್ ಬ್ರೌಸರ್‌ನಲ್ಲಿ ಅದೇ ದಿನದ ಸಹಜ ಬಣ್ಣದ ಚಿತ್ರ ತೆರೆಯಿರಿ. ಹೊಲದ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಸುಕಿದ್ದರೆ ಆ ದಿನವನ್ನೇ ಬಿಟ್ಟುಬಿಡಿ. ಆಮೇಲೆ ಹೊಲದ ಗಡಿಯನ್ನು 10 ಮೀಟರ್ ಒಳಕ್ಕೆ ಎಳೆಯಿರಿ. ಎಕರೆಗೆ ಸಿಗುವುದೇ ಸುಮಾರು 40 ಪಿಕ್ಸೆಲ್ (10 ಮೀಟರ್ ಚೌಕದ ಚಿತ್ರಬಿಂದು). ಬದುವಿನ ಮೇಲಿನವು ಪಕ್ಕದ ದಾರಿ, ತೆಂಗು ಎಲ್ಲವನ್ನೂ ಬೆರೆಸಿಕೊಂಡಿರುತ್ತವೆ. ಮಳೆಗಾಲದ ಉಳಿದ ವಾರಗಳಿಗೆ ಮೋಡ ದಾಟಿ ನೋಡುವ ಸೆಂಟಿನೆಲ್-1 ಉಪಗ್ರಹದ ರಾಡಾರ್ ಚಿತ್ರ ಬಳಸಿ. ಶುಭ್ರ ದಿನದಲ್ಲೂ ಅಂಕೆ ಏಳದಿದ್ದರೆ, ಬೇರು ತಿನ್ನುವ ಗೊಣ್ಣೆ ಹುಳುವೋ ನೀರಿನ ಕೊರತೆಯೋ ಎಂದು ಚಿತ್ರ ನೋಡಿ ಹೇಳಲಾಗದು. ಫೀಲ್ಡ್‌ಮನ್ ಒಬ್ಬರನ್ನು ಆ ಜಾಗಕ್ಕೇ ಕಳಿಸಿ, ಬೇರು ಅಗೆದು ನೋಡಿಸಿ.