ಅಭಯಾರಣ್ಯಕ್ಕೆ ಬೀಜದುಂಡೆ ಎಸೆಯಬಹುದಾ?

ಮಳೆಗಾಲ ಶುರುವಾದರೆ ಸಾಕು, ನನಗೆ ಬರುವ ಪತ್ರಗಳಲ್ಲಿ ಬೀಜದುಂಡೆಗಳೇ ಮೊಳೆಯುತ್ತವೆ. ಈ ಸಲ ಒಂದೇ ಪ್ರಶ್ನೆಯನ್ನು ಹನ್ನೊಂದು ಜನ ಕೇಳಿದ್ದಾರೆ. ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಅಭಯಾರಣ್ಯಕ್ಕೂ ರಾಷ್ಟ್ರೀಯ ಉದ್ಯಾನಕ್ಕೂ ಏನು ವ್ಯತ್ಯಾಸ ಅಂತ ಕೇಳಿದವರು ಮಕ್ಕಳ ಪಾಠದ ಪುಸ್ತಕ ತೆಗೆದು ನೋಡಿ.

ಪ್ರಶ್ನೆ: ಮೇಡಂ, ನಮ್ಮ ಯುವಕ ಸಂಘದಿಂದ ಹತ್ತು ಸಾವಿರ ಬೀಜದುಂಡೆ ಮಾಡಿದ್ದೇವೆ. ನೇರಳೆ, ಹುಣಸೆ, ಹಲಸು ಎಲ್ಲಾ ಇದೆ. ಬಂಡೀಪುರದ ಕಾಡಿಗೆ ಎಸೆದರೆ ಆನೆಗಳಿಗೆ ಅಲ್ಲೇ ಹಣ್ಣು ಸಿಗುತ್ತದೆ, ಹೊಲಕ್ಕೆ ಬರಲ್ಲ ಅಲ್ವಾ?

ಬರುತ್ತವೆ. ಎಸೆಯಬೇಡಿ.

ನಿಮ್ಮ ಮನಸ್ಸು ಒಳ್ಳೆಯದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ದೊಡ್ಡ ಆನೆ ದಿನಕ್ಕೆ 150 ಕೆ.ಜಿ.ಯಷ್ಟು ಮೇವು ತಿನ್ನುತ್ತದೆ. ಅದರಲ್ಲಿ ಬಹುಪಾಲು ಹುಲ್ಲು, ಬಿದಿರು, ಸೊಪ್ಪು, ತೊಗಟೆ. ಹಲಸಿನ ಹಣ್ಣು ಅದಕ್ಕೆ ಹಬ್ಬದ ಹೋಳಿಗೆ ಇದ್ದಂತೆ, ದಿನದ ಮುದ್ದೆ ಅಲ್ಲ. ಕಾಡಲ್ಲಿ ಹಣ್ಣಿಲ್ಲ ಅಂತ ಅದು ಹೊಲಕ್ಕೆ ಬರುವುದಿಲ್ಲ. ತೆನೆ ಕಟ್ಟಿದ ರಾಗಿಯಲ್ಲಿ ಸತ್ವ ಜಾಸ್ತಿ, ಅಲೆದಾಟ ಕಡಿಮೆ, ಅಷ್ಟೇ. ಇನ್ನು ಬಂಡೀಪುರ ಎಲೆ ಉದುರಿಸುವ ಒಣ ಕಾಡು. ಅಲ್ಲಿ ಹಲಸು ಬೆಳೆಸುತ್ತೇನೆ ಅನ್ನುವವರಿಗೆ ಏನು ಹೇಳಲಿ!

ಆ ಕಾಡಿಗೆ ಬೀಜದ ಬರ ಇಲ್ಲ. ಆನೆ ಲದ್ದಿ, ಕರಡಿ ಹಿಕ್ಕೆ, ಹಕ್ಕಿಗಳು, ಮಂಗಗಳು ಎಲ್ಲವೂ ಪುಕ್ಕಟೆಯಾಗಿ ಬೀಜ ಬಿತ್ತುತ್ತವೆ. ಸಸಿ ಏಳದಂತೆ ಅಡ್ಡ ಕೂತಿರುವುದು ಲಂಟಾನ. ಅಂದದ ಗಿಡ ಅಂತ ಬ್ರಿಟಿಷರ ಕಾಲದಲ್ಲಿ ತಂದದ್ದು. ಈಗ ಅದರ ಜೊತೆಗೆ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ ಮೂರರಲ್ಲೂ ಹಬ್ಬಿದೆ. ಇದನ್ನೂ ಯಾರೋ ನಿಮ್ಮ ಹಾಗೆ ಒಳ್ಳೆಯ ಮನಸ್ಸಿನಿಂದಲೇ ನೆಟ್ಟಿರಬೇಕು.

ರಕ್ಷಿಸಿದ ಕಾಡೊಂದು ಪ್ರಾಣಿಗಳನ್ನು ಹೇಗೆ ಉಳಿಸುತ್ತದೆ ಅನ್ನುವುದನ್ನು ಹುಲಿ ಲೆಕ್ಕದಲ್ಲೇ ನೋಡಿ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆ ಬೇಕು, ಅಂದರೆ ವಾರಕ್ಕೊಂದು. ಇಷ್ಟು ತಿಂದೂ ಬೇಟೆಪ್ರಾಣಿಗಳ ಸಂತತಿ ಕರಗದೆ ಇರಬೇಕಾದರೆ ಅದರ ಸುತ್ತ 500 ಜಿಂಕೆ, ಕಡವೆ, ಕಾಟಿ ಇರಬೇಕು. ಅವಕ್ಕೆ ಹುಲ್ಲು ಬೇಕು. ನಾಗರಹೊಳೆಯ ಹಡ್ಲುಗಳನ್ನು ನೋಡಿದ್ದೀರಾ? ಮರವಿಲ್ಲದ, ಜೌಗು ಹುಲ್ಲಿನ ತಗ್ಗುಗಳು. ಸಂಜೆ ಹೊತ್ತು ಕಾಡಿಗೆ ಕಾಡೇ ಅಲ್ಲಿ ಮೇಯಲು ನಿಂತಿರುತ್ತದೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ಚಿಗುರುವ ಹುಲ್ಲಿಗೆ ನೂರಾರು ಆನೆ ಸೇರುತ್ತವೆ. ಆ ಹಡ್ಲಿನಲ್ಲಿ ನೀವು ನೇರಳೆ ತೋಪು ಎಬ್ಬಿಸಿದರೆ ಜಿಂಕೆಯ ತಟ್ಟೆ ಕಿತ್ತುಕೊಂಡ ಹಾಗೆ.

ಹುಲ್ಲು ಬಂದರೆ ಜಿಂಕೆ ಬರುತ್ತದೆ ಅನ್ನುವುದಕ್ಕೆ ಭದ್ರಾ ಕಾಡೇ ಸಾಕ್ಷಿ. 2002ರ ಸುಮಾರಿಗೆ ಒಳಗಿದ್ದ 400ಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿ ಮುಂತಾದ ಕಡೆ ಹೋಗಿ ನೆಲೆಸಿದವು. ಅವರಿಗೆ ಬೇಸಾಯದ ಜಮೀನು ಸಿಕ್ಕಿತ್ತು. (ಬಲವಂತವಾಗಿ ಎಬ್ಬಿಸಿದ ಕಡೆಗಳ ಕಥೆ ಬೇರೆ, ಅದನ್ನು ನಾನು ಯಾವತ್ತೂ ಒಪ್ಪಿಲ್ಲ.) ಬಿಟ್ಟುಹೋದ ಗದ್ದೆಗಳಲ್ಲಿ ಹುಲ್ಲು ಬಂತು, ಹುಲ್ಲಿಗೆ ಜಿಂಕೆ ಬಂತು. ಕೋವಿ, ಉರುಳು, ದನ, ಬೆಂಕಿ ದೂರ ಇಟ್ಟು ಸುಮ್ನೆ ಇದ್ದರೆ ಕಾಡು ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ. ಸುಮ್ನೆ ಇರುವುದು ಮಾತ್ರ ನಮ್ಮಿಂದ ಆಗಲ್ಲ.

ಹಾವೇರಿ ಜಿಲ್ಲೆಯ ರಾಣೆಬೆನ್ನೂರಿಗೆ ಹೋಗಿ ನೋಡಿ. 1974ರಲ್ಲಿ ಅಲ್ಲಿ 119 ಚದರ ಕಿ.ಮೀ. ಜಾಗವನ್ನು ಅಭಯಾರಣ್ಯ ಮಾಡಿದರು. ಕೃಷ್ಣಮೃಗಗಳಿದ್ದವು, ಎರ್ಲಡ್ಡು ಕೂಡ ಇತ್ತು. ಅದೇ, ಗ್ರೇಟ್ ಇಂಡಿಯನ್ ಬಸ್ಟರ್ಡ್. ಗಂಡು ಹಕ್ಕಿ 15 ಕೆ.ಜಿ.ವರೆಗೂ ತೂಗುತ್ತದೆ. ಹೆಣ್ಣು ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರಿ ನೆಲದ ಮೇಲೆ. ಅಪಾಯ ದೂರದಿಂದಲೇ ಕಾಣಬೇಕು, ಹಾಗಾಗಿ ಅದಕ್ಕೆ ಬಟ್ಟ ಬಯಲೇ ಬೇಕು. ಅಂಥ ಬಯಲಿನಲ್ಲಿ ನಾವು ನೀಲಗಿರಿ ನೆಟ್ಟೆವು. ಸಾಲು ಸಾಲಾಗಿ. ಹುಲ್ಲು ಬಯಲು ಕಂಡರೆ 'ಖಾಲಿ ಬಿದ್ದಿದೆ' ಅನ್ನುವ ಕಾಯಿಲೆ ನಮ್ಮದು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು, ಸಾವಿರಾರು ಆಯಿತು. ಎರ್ಲಡ್ಡು ಕಾಣದಾಯಿತು. ನೀಲಗಿರಿ ಒಂದೇ ಕಾರಣ ಅನ್ನಲಾರೆ, ಬೇಟೆಯೂ ಇತ್ತು, ಸುತ್ತಲಿನ ಬೇಸಾಯವೂ ಬದಲಾಯಿತು. ಆದರೆ ನಕ್ಷೆಯಲ್ಲಿ ಗೆರೆ ಎಳೆದು ಒಳಗೆ ತಪ್ಪು ಗಿಡ ನೆಟ್ಟರೆ ಆ ಗೆರೆ ಹಕ್ಕಿಗೆ ಏನೂ ಮಾಡದು. ಇವತ್ತು ಇಡೀ ದೇಶದ ಬಯಲುಗಳಲ್ಲಿ ಉಳಿದಿರುವ ಎರ್ಲಡ್ಡು 200ಕ್ಕೂ ಕಡಿಮೆ. ಹೆಚ್ಚಿನವು ರಾಜಸ್ಥಾನದಲ್ಲಿವೆ.

ನಿಮ್ಮ ಹತ್ತು ಸಾವಿರ ಉಂಡೆಯಲ್ಲಿ ನೂರು ಬೀಜ ಆರಿಸಿ, ಶಾಲೆ ಹಿತ್ತಲಲ್ಲೋ ರಸ್ತೆ ಬದಿಯಲ್ಲೋ ನೆಟ್ಟು ಮೂರು ಬೇಸಿಗೆ ನೀರು ಹಾಕಿ. ಫೋಟೊಗೆ ಅಷ್ಟು ಚೆನ್ನಾಗಿ ಬರಲ್ಲ, ಗೊತ್ತು. ಆನೆಗೆ ಉಪಕಾರ ಮಾಡಲೇಬೇಕು ಅಂದರೆ ಬೇಲಿಗೆ ನೇರ ಕರೆಂಟ್ ಕೊಡುವ ಪಕ್ಕದ ಹೊಲದವರಿಗೆ ಬುದ್ಧಿ ಹೇಳಿ. ಕಾಡಂಚಿನಲ್ಲಿ ಉರುಳು ಕಂಡರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಪ್ರಶ್ನೆ: ತೋಟಕ್ಕೆ ಬರುವ ಚಿರತೆ ಹಿಡಿದು ದೂರದ ಅಭಯಾರಣ್ಯಕ್ಕೆ ಬಿಟ್ಟರೆ ಮುಗೀತಲ್ವಾ?

ಮುಗಿಯಲ್ಲ. ಆ ಕಾಡಲ್ಲಿ ಮೊದಲೇ ಚಿರತೆಗಳಿರುತ್ತವೆ, ಇದು ಜಾಗ ಸಿಗದೆ ಅಲೆಯುತ್ತದೆ. ಇಲ್ಲಿ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಹೀಗೆ ಹಿಡಿದು ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ಜಾಸ್ತಿಯೇ ಆಯಿತು.

ಪ್ರಶ್ನೆ: ಬಂಡೀಪುರ ರಸ್ತೆ ರಾತ್ರಿ ಯಾವಾಗ ತೆರೆಯುತ್ತಾರೆ?

2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿದೆ. ಬೇಗ ಹೊರಡಿ.

ಪ್ರಶ್ನೆ: ಎರಡು ತಲೆ ಹಾವಿಗೆ ಲಕ್ಷಗಟ್ಟಲೆ ಬೆಲೆಯಂತೆ, ನಿಜವಾ?

ಅದಕ್ಕೆ ಇರುವುದು ಒಂದೇ ತಲೆ, ಇನ್ನೊಂದು ಮೊಂಡು ಬಾಲ. ನಿಧಿ ತೋರಿಸುತ್ತದೆ ಅಂತ ಮಾರುವವನೂ ಕಳ್ಳ. ಕೊಂಡರೆ ನೀವೂ ಜೈಲಿಗೆ. ನರಿಕೊಂಬಿನ ಬಗ್ಗೆ ಕೇಳಿದವರಿಗೂ ಇದೇ ಉತ್ತರ, ನರಿಗೆ ಕೊಂಬೇ ಇಲ್ಲ.

ಪ್ರಶ್ನೆ: ಸಿರುಗುಪ್ಪ ಕಡೆ ಎರೆಹೊಲಗಳಲ್ಲಿ ಇನ್ನೂ ಎರ್ಲಡ್ಡು ಇದೆ ಅಂತ ಓದಿದೆ. ಹೊಸ ಕ್ಯಾಮೆರಾ ತಗೊಂಡಿದ್ದೇನೆ. ಯಾವ ಊರು, ಯಾವ ಹೊಲ ಅಂತ ಹೇಳ್ತೀರಾ?

ಇಲ್ಲ.